ಹಣ್ಣು ಎಂದು ಬರೆದುಕೊಂಡದ್ದು

ನಾಲ್ಕನೆಯ ಜ್ವರದಿಂದ ಹುಳುಗಳು ಎದ್ದ ದಿನಕ್ಕೆ ಅತ್ತೆ ಚಿಂತಾಮಣಿಗೆ ಹೋಗಿ ಐದು ದಿನವಾಗಿತ್ತು. ಅಲ್ಲಿ ನಾದಿನಿಯ ಮನೆಯಲ್ಲಿದ್ದುಕೊಂಡು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಜ್ವರವೆಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ಚರ್ಮ ಕಳಚುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಇರುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ನಾಲ್ಕು ಜ್ವರ ಮುಗಿದ ಮೇಲೆ ಉಳಿಯುವುದು ಏಳೆಂಟು ದಿನ. ಅಷ್ಟು ದಿನ ತಿಂದದ್ದೆಲ್ಲ ಏನೂ ಅಲ್ಲ ಎನ್ನುವಂತೆ ಹುಳು ಆಗ ಸೊಪ್ಪು ತಿನ್ನುತ್ತದೆ. ಆಮೇಲೆ ಹಣ್ಣಾಗುತ್ತದೆ. ಹಣ್ಣಾದದ್ದನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ಕಟ್ಟಿದ ದೊಡ್ಡ ತಟ್ಟಿಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ.

ಮಂಡಿಕಲ್ ಕಡೆಯ ನಮ್ಮ ಊರಿನಲ್ಲಿ ಈ ಹುಳು ಮನೆ ಅತ್ತೆಯದು. ನಾನು ಹನ್ನೆರಡು ವರ್ಷ ಅವರ ಕೈಕೆಳಗೆ ಸೊಪ್ಪು ಹಾಕಿದವಳು, ಹಿಕ್ಕೆ ಗುಡಿಸಿದವಳು. ಯಾವ ಹುಳು ಹಣ್ಣು, ಯಾವುದು ಅಲ್ಲ ಎಂದು ಹೇಳುವುದು ಮಾತ್ರ ಯಾವಾಗಲೂ ಅವರೇ. ನಮ್ಮ ಯಜಮಾನರು ಗೌರಿಬಿದನೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಈ ಬೆಳೆಗೆ ಹುಳುವಿನ ಮೊಟ್ಟೆ ತರಿಸುವ ಮುಂಚೆಯೇ ಅವರು ಮಾತು ತೆಗೆದಿದ್ದರು.

"ಅಮ್ಮ ಇಲ್ದೆ ಇದು ಆಗೋ ಕೆಲ್ಸ ಅಲ್ಲ ಕಣೇ. ಹೂವಿನವರು ತೋಟ ಗುತ್ತಿಗೆಗೆ ಕೇಳ್ತಾನೇ ಇದಾರೆ. ಸೇವಂತಿಗೆ ಹಾಕ್ತಾರಂತೆ."

"ಒಂದು ಬೆಳೆ ನನ್ನ ಕೈಗೆ ಬಿಡಿ. ಆಗ್ಲಿಲ್ಲ ಅಂದ್ರೆ ಆಮೇಲೆ ನಿಮ್ಮಿಷ್ಟ."

"ಆಗ್ಲಿಲ್ಲ ಅಂದ್ರೆ ಹಿಪ್ಪುನೇರಳೆ ಕೀಳ್ಸ್ತೀನಿ. ಆಗ ಅಳ್ಬಾರ್ದು."

"ಅಳಲ್ಲ."

"ಅಮ್ಮಂಗೆ ಈಗ್ಲೇ ಏನೂ ಹೇಳ್ಬೇಡ. ಕಣ್ಣಿನ ಆಪರೇಷನ್ ಇದೆ, ಒಳ್ಳೇದಲ್ಲ."

ಅವರು ಕೆಟ್ಟವರಲ್ಲ. ಹುಟ್ಟಿದಾಗಿನಿಂದ ಈ ಹುಳುವಿನ ಜೊತೆ ಬೆಳೆದವರು. ಜ್ವರದ ದಿನಗಳಲ್ಲಿ ಮದುವೆ, ನಾಮಕರಣ ಯಾವುದಕ್ಕೂ ಮನೆಯವರೆಲ್ಲ ಒಟ್ಟಿಗೆ ಹೋಗಲಾಗದ್ದು ಅವರಿಗೆ ಸಾಕಾಗಿತ್ತು. ನನಗೆ ಆ ತೋಟ ಬೇಕಿತ್ತು. ಮಾಡಿದ ಅಡುಗೆ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಒಗೆದ ಬಟ್ಟೆ ನಾಳೆಗೆ ಕೊಳೆಯಾಗುತ್ತದೆ. ನಾನು ಮಾಡುವ ಕೆಲಸಗಳಲ್ಲಿ, ಮುಗಿದ ಮೇಲೆ ಕೈಯಲ್ಲಿ ಹಿಡಿದು ನೋಡಬಹುದಾದದ್ದು ಗೂಡು ಒಂದೇ.

ಹಣ್ಣು ಎನ್ನುವ ಮಾತಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಚಿಕ್ಕಬಳ್ಳಾಪುರದ ನಮ್ಮ ಕಾನ್ವೆಂಟಿನಲ್ಲಿ ಪರೀಕ್ಷೆಯ ಹಾಳೆ ಹಂಚುವ ಮುಂಚೆ ಸಿಸ್ಟರ್ "ರೆಡಿ?" ಎನ್ನುತ್ತಿದ್ದರು. ನಾವು ಎದ್ದು ನಿಂತು "ಯೆಸ್ ಸಿಸ್ಟರ್" ಎನ್ನುತ್ತಿದ್ದೆವು. ಓದಿರಲಿ, ಬಿಟ್ಟಿರಲಿ, ಉತ್ತರ ಅದೇ. ಕನ್ನಡ ಪುಸ್ತಕದಲ್ಲಿ ಸಿದ್ಧ ಎಂದಿರುತ್ತಿತ್ತು, ಮನೆಯಲ್ಲಿ ತಯಾರು. ಅತ್ತೆಗೆ ಇವೊಂದೂ ಬೇಡ. ಅವರ ಬಾಯಲ್ಲಿ ಕುರು ಹಣ್ಣಾಗಬೇಕು, ಆಮೇಲೆ ಒಡೆಯಬೇಕು. ಹುಳು ಹಣ್ಣಾಗಬೇಕು, ಆಮೇಲೆ ಆಯಬೇಕು. ಕಣ್ಣಿನ ಪೊರೆಗೂ ಅದೇ ಮಾತು. ಅವರು ವರ್ಷಗಟ್ಟಲೆ ಅದು ಹಣ್ಣಾಗಲೆಂದು ಕಾದರೆ, ಡಾಕ್ಟರು ಈಗೆಲ್ಲ ಅಷ್ಟು ಕಾಯುವುದಿಲ್ಲ ಎಂದು ಒಂದೇ ಬೆಳಿಗ್ಗೆಯಲ್ಲಿ ತೆಗೆದುಬಿಟ್ಟಿದ್ದರು. ಆ ಸಂಜೆ ಫೋನಿನಲ್ಲಿ ಅವರಿಗೆ ಅದೇ ಕೊರಗು.

"ಕಾಯಿ ಇದ್ದಂಗೇ ಕಿತ್ತಾಕ್ಬಿಟ್ರಲ್ಲೇ!"

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ನೋಟು ಪುಸ್ತಕಕ್ಕೆ ಕೆಂಪು ಶಾಯಿಯಲ್ಲಿ ಅಂಚು ಎಳೆದು ಹುಳುವಿನ ಕೆಲಸವನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಒಂದು ಪುಟದಲ್ಲಿ ಹೀಗಿತ್ತು: "ಹಣ್ಣು ಅಂದರೆ ರೆಡಿ. ಬಣ್ಣ ಹಳದಿ. ಸೊಪ್ಪು ಬಿಟ್ಟು ಅಂಚಿಗೆ ಬರುತ್ತದೆ." ಅತ್ತೆ ಅದನ್ನು ಓದಿಸಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಕಾನ್ವೆಂಟಮ್ಮ, ಬರ್ಕೊಂಡ್ರೆ ಬರುತ್ತೇನೇ ಅದು? ಕೈಲಿ ಹಿಡ್ದು ನೋಡು."

ಹಿಡಿದು ನೋಡುವ ಅಗತ್ಯ ಬಿದ್ದಿರಲಿಲ್ಲ. ಹಿಡಿಯುವ ಕೈ ಅವರದ್ದಿತ್ತು.

ಈ ಸಲ ಇನ್ನೊಂದು ವ್ಯತ್ಯಾಸವಿತ್ತು. ಅತ್ತೆ ಸಾಕುತ್ತಿದ್ದುದು ಹಳದಿ ಗೂಡಿನ ಹುಳು. ಬಿಳಿಗೂಡಿನ ತಳಿಗೆ ನೂಲು ಚೆನ್ನಾಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದುದರಿಂದ ನಾನು ಅದನ್ನು ತರಿಸಿದ್ದೆ.

ಮೊದಲ ಮೂರು ದಿನ ಯಾವುದಕ್ಕೂ ಲೋಪವಿರಲಿಲ್ಲ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ಊಟವಾದ ಮೇಲೆ, ಹೀಗೆ ಮೂರು ಹೊತ್ತು ರೆಂಬೆಸಮೇತ ಸೊಪ್ಪು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದದೆ ಒಳಗೆ ಹೋಗುತ್ತಿರಲಿಲ್ಲ. ಹುಳುವಿನ ಹಾಸಿಗೆಯ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸುತ್ತಿದ್ದೆ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು, ತಟ್ಟಿ ತಟ್ಟಿ. ಬಿಸಿಲು ವಿಪರೀತವಿತ್ತು. ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಗಂಟೆಗೊಮ್ಮೆ ನೀರು ಎರಚುತ್ತಿದ್ದೆ. ಸೊಪ್ಪು ಬಾಡದಿರಲೆಂದು ಅದರ ಮೇಲೂ ಒಂದೆರಡು ಸಲ ಎರಚಿದ್ದೆ. ಒದ್ದೆ ಸೊಪ್ಪು ಹುಳುವಿಗೆ ಆಗದೆಂದು ಆಗ ತಿಳಿಯಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಹುಳು ಸಾಕುವ ಅಟ್ಟಣೆಯ ಕೆಳಗಿನ ಅಂಕಣದ ಅಂಚಿನಲ್ಲಿ ಹತ್ತಿಪ್ಪತ್ತು ಹುಳುಗಳು ಒಂದರ ಹಿಂದೊಂದು ತಿರುಗುತ್ತಿದ್ದವು. ಮಿಕ್ಕವು ಸೊಪ್ಪಿನೊಳಗೆ ಮುಖ ಹುದುಗಿಸಿದ್ದರೆ ಇವಕ್ಕೆ ಸೊಪ್ಪೇ ಬೇಡ. ಮೈ ಮಿರುಗುತ್ತಿತ್ತು. ಬಣ್ಣ ಹಳದಿಗೆ ತಿರುಗಿತ್ತು. ನನಗಾದ ಸಂತೋಷ ಹೇಳಲಾರೆ. ಕೈ ಒರೆಸಿಕೊಳ್ಳುವಷ್ಟು ತಾಳ್ಮೆಯೂ ಇಲ್ಲದೆ ಚಿಂತಾಮಣಿಗೆ ಫೋನು ಮಾಡಿದೆ.

"ಅತ್ತೆ, ಹಣ್ಣು ಶುರುವಾಯ್ತು!"

"ಏನ್ ಮಾತಾಡ್ತೀಯೇ? ಇವತ್ತಿಗೆ ನಾಲ್ಕ್ ದಿನ."

"ಹಳದಿ ಆಗಿದಾವೆ ಅತ್ತೆ. ಅಂಚಲ್ಲಿ ಓಡಾಡ್ತಾ ಇದಾವೆ."

"ಸೊಪ್ಪು ಬಿಟ್ಟವಾ?"

"ಬಿಟ್ಟಿದಾವೆ."

"ಹಿಕ್ಕೆ ಮೆತ್ತಗೈತಾ? ಹಸ್ರು ತಿರುಗೈತಾ?"

ಹಿಕ್ಕೆ ನಾನು ನೋಡಿರಲಿಲ್ಲ. ಹೋಗಿ ನೋಡಿ ಬರಲು ಎರಡು ನಿಮಿಷ ಸಾಕಿತ್ತು. ಅಂಚಿನಲ್ಲಿ ತಿರುಗುವುದನ್ನು ಕಣ್ಣಾರೆ ಕಂಡ ಮೇಲೆ ಇನ್ನೇನು ನೋಡುವುದು ಎನಿಸಿತು. "ಹ್ಞೂಂ" ಎಂದೆ.

"ಬಿಸ್ಲು ಜಾಸ್ತಿ ಅಲ್ವಾ, ಇರ್ಬೋದೇನೋ. ಹಂಗಾರೆ ಸುಣ್ಣ ನಿಲ್ಸು. ಹಣ್ಣು ಹುಳಕ್ಕೆ ಸುಣ್ಣ ಬಿದ್ರೆ ನೂಲು ಕೆಡ್ತದೆ. ಸೊಪ್ಪು ಕಮ್ಮಿ ಹಾಕು. ಚಂದ್ರಿಕೆಯಮ್ಮಂಗೆ ಹೇಳ್ಬಿಡು."

ಮೂರನ್ನೂ ಮಾಡಿದೆ. ಸುಣ್ಣ ನಿಲ್ಲಿಸಿದೆ, ಸೊಪ್ಪು ಕಡಿಮೆ ಮಾಡಿದೆ, ಚಂದ್ರಿಕೆ ಬಾಡಿಗೆಗೆ ತರುವ ಚಂದ್ರಿಕೆಯಮ್ಮನಿಗೆ ಹೇಳಿದೆ. ಐದನೆಯ ದಿನ ಅಂಚಿಗೆ ಬಂದ ಹುಳುಗಳು ಇನ್ನೂ ಹೆಚ್ಚಾದವು. ಒಂದು ಅಂಕಣದಿಂದ ಇನ್ನೊಂದಕ್ಕೆ ಹೋಗಿ ಅವನ್ನು ಆರಿಸಿ ಮೊರಕ್ಕೆ ಹಾಕಿಕೊಂಡೆ. ಅದೇ ಕೈಯಲ್ಲಿ ಸೊಪ್ಪು ಹಾಕಿದೆ. ಬೆರಳಿಗೆ ಏನೋ ಅಂಟಂಟಾಗಿತ್ತು. ಸೊಪ್ಪಿನ ಹಾಲು ಎಂದುಕೊಂಡು ಸೆರಗಿಗೆ ಒರೆಸಿಕೊಂಡೆ. ಸಂಜೆ ಯಜಮಾನರು ಬಂದಾಗ ಮೊರ ತೋರಿಸಿದೆ. ಅವರು ಕನ್ನಡಕ ಹಣೆಗೆ ಏರಿಸಿ ನೋಡಿ, "ಪರ್ವಾಗಿಲ್ವೇ ಕಾನ್ವೆಂಟು!" ಎಂದರು. ಆ ದಿನ ಅನ್ನಕ್ಕೆ ಇನ್ನೊಂದು ಸಲ ತಟ್ಟೆ ಚಾಚಿದರು.

ಆರನೆಯ ದಿನ ಬೆಳಿಗ್ಗೆ ಚಂದ್ರಿಕೆಯಮ್ಮ ಬಂದರು. ಶಿಡ್ಲಘಟ್ಟದ ಕಡೆಯವರು, ಅತ್ತೆಯ ಓರಗೆ, ಮನೆಮಾತು ಉರ್ದು. ಟೆಂಪೋದಲ್ಲಿ ಚಂದ್ರಿಕೆ ಹೇರಿಕೊಂಡು ಹಳ್ಳಿ ಹಳ್ಳಿಗೆ ಬಾಡಿಗೆಗೆ ಕೊಡುವುದು ಅವರ ಕೆಲಸ. ಒಂದು ಮನೆಯಲ್ಲಿ ಗೂಡು ಬಿಡಿಸಿದರೆ ಅವೇ ಚಂದ್ರಿಕೆ ಇನ್ನೊಂದು ಮನೆಗೆ.

"ಏನಮ್ಮಾ, ಈ ಸಲ ಇಷ್ಟು ಬೇಗ? ನಿಮ್ಮತ್ತೆ ಇದ್ದಿದ್ರೆ ಇನ್ನೂ ಎರಡು ದಿನ ಕಾಯ್ಸೋರು ನನ್ನ."

"ಬಿಸಿಲಿಗೆ ಬೇಗ ಹಣ್ಣಾಗಿದಾವೆ."

ಅವರು ಡ್ರೈವರಿನ ಜೊತೆ ಸೇರಿ ಚಂದ್ರಿಕೆ ಇಳಿಸುತ್ತಿರುವಾಗಲೇ ನಾನು ಮೊದಲನೆಯದನ್ನು ಜಗುಲಿಗೆ ಒರಗಿಸಿ ಮೊರದ ಹುಳುಗಳನ್ನು ಬಿಡತೊಡಗಿದೆ. ಹಣ್ಣು ಹುಳು ಬಿದಿರಿನ ಸುರುಳಿ ಸಿಕ್ಕಿದ ಕೂಡಲೇ ತಲೆ ಆಡಿಸಿ ಜಾಗ ಹುಡುಕುತ್ತದೆ. ಇವು ಹಾಗೆ ಮಾಡಲಿಲ್ಲ. ಕೆಲವು ಹಿಂಗಾಲಿನಲ್ಲಿ ಹಿಡಿದುಕೊಂಡು ತಲೆಕೆಳಗಾಗಿ ಜೋತುಬಿದ್ದವು. ಚಂದ್ರಿಕೆಯಮ್ಮ ಹತ್ತಿರ ಬಂದು ಅಂಥದ್ದೊಂದನ್ನು ಎರಡು ಬೆರಳಿನಲ್ಲಿ ಎತ್ತಿದರು. ಅದರ ಕಾಲಿನ ಬುಡ ಹರಿದು ಬೆಳ್ಳಗೆ ಒಂದು ತೊಟ್ಟು ಅವರ ಉಗುರಿನ ಮೇಲೆ ನಿಂತಿತು.

"ಯಾ ಅಲ್ಲಾ. ಹಣ್ಣಲ್ಲಮ್ಮ ಇದು. ಹಾಲು."

"ಹಾಲಾ?"

"ಹಾಲುತೊಂಡೆ ಬೇಟಿ. ರೋಗ. ನಿಮ್ಮತ್ತೆ ಎಲ್ಲಿ? ಯಾರು ಹೇಳಿದ್ದು ಹಣ್ಣು ಅಂತ?"

ಅವರು ಡ್ರೈವರಿನ ಕಡೆ ತಿರುಗಿ, "ವಾಪಸ್ ಏರ್ಸಪ್ಪಾ, ಎಲ್ಲಾ ಏರ್ಸು" ಎಂದರು. ನಮ್ಮ ಅಂಗಳದ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡರು. "ಬೇಜಾರ್ ಮಾಡ್ಕೋಬೇಡಿ. ನಾಳೆ ಇದನ್ನೇ ಇನ್ನೊಬ್ರ ಮನೇಲಿ ಇಳಿಸ್ಬೇಕು ನಾನು. ನೀವು ಹುಳ ಬಿಟ್ಟಿದ್ದು ಮಾತ್ರ ಇಲ್ಲೇ ಇರ್ಲಿ. ಸುಟ್ಟಾಕಿ."

ಟೆಂಪೋ ಹೋದ ಮೇಲೆ ಒಳಗೆ ಹೋಗಿ ಹಿಕ್ಕೆ ನೋಡಿದೆ. ಗಟ್ಟಿಯಾಗಿತ್ತು, ಕಪ್ಪಗಿತ್ತು.

ಮಧ್ಯಾಹ್ನ, ನಾನು ಫೋನು ಮಾಡಿ ಕರೆದದ್ದಕ್ಕೆ, ರೇಷ್ಮೆ ಇಲಾಖೆಯವರೊಬ್ಬರು ಬಂದರು. ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ. ಎಲ್ಲ ಅಂಕಣಗಳನ್ನೂ ನಿಧಾನವಾಗಿ ನೋಡಿದರು.

"ಸುಣ್ಣ ಯಾವತ್ತು ನಿಲ್ಸಿದ್ರಿ ಮೇಡಂ?"

"ಮೊನ್ನೆ."

"ಯಾಕೆ?"

"ಹಣ್ಣಾಗಿದೆ ಅಂತ."

ಅವರು ಸೊಪ್ಪಿನ ಮಧ್ಯದಿಂದ ಒಂದು ಒಳ್ಳೆಯ ಹುಳು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ತಿಂದ ಸೊಪ್ಪು ಕಪ್ಪಗೆ ಕಾಣುತ್ತಿತ್ತು. "ನೋಡಿ, ಇದಕ್ಕೆ ಇನ್ನೂ ಎರಡು ದಿನ ಊಟ ಬೇಕು. ಹಣ್ಣಾದ್ರೆ ಬೆಳಕು ಈ ಕಡೆಯಿಂದ ಆ ಕಡೆಗೆ ಬರುತ್ತೆ. ಬಿಳಿಗೂಡಿನ ಹುಳ ಹಳದಿ ಆಗಲ್ಲ, ಗಾಜಿನ ಥರ ಆಗುತ್ತೆ. ಹಳದಿ ಆಗಿ ಅಂಚಲ್ಲಿ ತಿರುಗಿದ್ರೆ ಅದು ಕಾಯಿಲೆ. ಮೊದಲ್ನೇ ದಿನಾನೇ ಅಷ್ಟನ್ನ ಕಡ್ಡಿಯಲ್ಲಿ ಎತ್ತಿ, ಹೂತು, ಸುಣ್ಣ ಜಾಸ್ತಿ ಹಾಕಿದ್ರೆ..." ಎಂದವರು ನನ್ನ ಮುಖ ನೋಡಿ ಅಲ್ಲಿಗೇ ಬಿಟ್ಟರು.

ಎರಡು ದಾರಿ ಹೇಳಿದರು. ಒಂದು, ಇಡೀ ಬೆಳೆಯನ್ನು ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚಿ, ಮನೆ ತೊಳೆದು, ಮುಂದಿನ ಬೆಳೆಗೆ ನೋಡುವುದು. ಇನ್ನೊಂದು, ಹುಳು ಬೇಗ ಹಣ್ಣಾಗಲೆಂದು ಸೊಪ್ಪಿನ ಮೇಲೆ ಚಿಮುಕಿಸುವ ಒಂದು ದ್ರಾವಣವಿದೆ. ಅದನ್ನು ಕೊಟ್ಟರೆ ಒಂದು ದಿನದೊಳಗೆ ಬದುಕಿರುವವು ಗೂಡಿಗೆ ಏರುತ್ತವೆ. ತಿನ್ನಬೇಕಾದಷ್ಟು ತಿಂದಿರುವುದಿಲ್ಲ, ಗೂಡು ತೆಳ್ಳಗೆ. ಆದರೂ ಗೂಡು.

ಗೌರಿಬಿದನೂರಿಗೆ ಫೋನು ಮಾಡಿದೆ. ಹಿಂದೆ ಯಾರೋ ಅರ್ಜಿಯ ವಿಷಯಕ್ಕೆ ಜೋರು ಮಾಡುತ್ತಿದ್ದರು. ಯಜಮಾನರು ಎಲ್ಲ ಕೇಳಿ, "ಬೆಳೆ ನಿನ್ನ ಕೈಗೆ ಬಿಟ್ಟಿದೀನಲ್ಲ. ನಿಂಗೆ ಏನನ್ಸುತ್ತೋ ಮಾಡು" ಎಂದರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಮಾತು ಬೆಳೆಸಬಹುದಿತ್ತು.

ಮುಂದಿನ ಬೆಳೆ ಎನ್ನುವುದು ಇದ್ದವರಿಗೆ ಗುಂಡಿಯೇ ಸರಿ. ನನಗೆ ಮುಂದಿನದು ಇರಲಿಲ್ಲ. ಏನಾದರೂ ಒಂದಿಷ್ಟು ಗೂಡು ಮಾರುಕಟ್ಟೆಗೆ ಹೋದರೆ ಬೆಳೆ ಹೋಯಿತು ಎನ್ನಲಾಗದು, ತೋಟ ಉಳಿದೀತು. ದ್ರಾವಣವನ್ನೇ ಆರಿಸಿಕೊಂಡೆ. ಇಲಾಖೆಯವರು ಸೀಸೆ ಕೊಟ್ಟು, ಎಷ್ಟು ನೀರಿಗೆ ಎಷ್ಟು ಎಂದು ನನ್ನ ನೋಟು ಪುಸ್ತಕದಲ್ಲೇ ಬರೆದು ಹೋದರು. ಕಾಯಿಲೆ ಬಿದ್ದವನ್ನು ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕಿದೆ. ಎರಡು ಬಕೆಟ್ಟು ತುಂಬಿತು. ಮಿಕ್ಕವಕ್ಕೆ ದ್ರಾವಣ ಚಿಮುಕಿಸಿದ ಸೊಪ್ಪು ಹಾಸಿದೆ. ಅವು ನಂಬಿ ತಿಂದವು.

ಮರುದಿನ ಬೆಳಿಗ್ಗೆ ಒಂದು ಹುಳು ಎತ್ತಿ ಬೆಳಕಿಗೆ ಹಿಡಿದೆ. ತಲೆಯಿಂದ ಅರ್ಧ ಮೈವರೆಗೆ ಎಣ್ಣೆ ತಾಗಿದ ಕಾಗದದ ಹಾಗೆ ಬೆಳಕು ದಾಟಿ ಬಂತು. ತಲೆ ಎತ್ತಿ ಎಡಕ್ಕೂ ಬಲಕ್ಕೂ ಆಡಿಸುತ್ತಿತ್ತು. ಬಾಯಿಯಿಂದ ಒಂದೆಳೆ ನನ್ನ ಹೆಬ್ಬೆರಳಿಗೆ ಅಂಟಿ ಹೊಳೆಯಿತು. ಕೆಳಗೆ ಹಿಕ್ಕೆ ಮೆತ್ತಗೆ, ಹಸಿರಾಗಿ ಬಿದ್ದಿತ್ತು. ಹನ್ನೆರಡು ವರ್ಷ ಆ ಮನೆಯಲ್ಲಿ ಗುಡಿಸಿದವಳು ಹಣ್ಣು ಹುಳುವನ್ನು ಬೆಳಕಿಗೆ ಹಿಡಿದು ಅಂದೇ ಮೊದಲು ನೋಡಿದ್ದು. ಅದೂ ನಾನು ಬಲವಂತ ಮಾಡಿ ಹಣ್ಣು ಮಾಡಿದ್ದು. ಹುಳು ಹಗುರವಿತ್ತು. ಅತ್ತೆ ಆಯ್ದು ನನ್ನ ಅಂಗೈಗೆ ಹಾಕುತ್ತಿದ್ದ ಹುಳುಗಳ ಭಾರ ಇದಕ್ಕಿರಲಿಲ್ಲ.

ಚಂದ್ರಿಕೆಯೇ ಇರಲಿಲ್ಲ; ಉಳಿದ ಒಂದನ್ನು ಹಿಂದಿನ ದಿನವೇ ಸುಟ್ಟಿದ್ದೆ. ಅದರ ಬದಲಿಗೆ ಒಣಗಿದ ರೆಂಬೆಗಳನ್ನು ಕಟ್ಟುತ್ತಾ ಕೂತಿದ್ದಾಗ ಟೆಂಪೋ ಬಂತು. ಚಂದ್ರಿಕೆಯಮ್ಮ ಮುರಿದ, ಗೆದ್ದಲು ತಿಂದ ಹಳೆಯ ಚಂದ್ರಿಕೆಗಳನ್ನು ಅಂಗಳಕ್ಕೆ ಎಳೆದು ಹಾಕಿದರು.

"ಒಲೆಗೆ ಇಟ್ಟಿದ್ದು ಇವು. ಬಾಡಿಗೆ ಏನೂ ಬೇಡ. ಮುಗಿದ ಮೇಲೆ ನೀವೇ ಸುಟ್ಬಿಡಿ." ಆಮೇಲೆ ಕುಳಿತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಆಯಲು ಶುರು ಮಾಡಿದರು. "ಇದು ಹಣ್ಣು. ಇದು ಹಣ್ಣು. ಇದನ್ನ ಬಿಡಿ, ಇದು ಸಾಯುತ್ತೆ." ಮಧ್ಯಾಹ್ನದವರೆಗೂ ನಾವಿಬ್ಬರೂ ಆಯ್ದೆವು.

ಅಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. "ಹಿಕ್ಕೆ ನೋಡಿರ್ಲಿಲ್ಲ ಅತ್ತೆ. ನೋಡ್ದೇನೇ ಹ್ಞೂಂ ಅಂದೆ."

ಫೋನಿನಲ್ಲಿ ನಾದಿನಿಯ ಮನೆಯ ಟೀವಿಯ ಸದ್ದು ಕೇಳುತ್ತಿತ್ತು. "ನಾಲ್ಕನೇ ದಿನ ಅಂದಾಗ್ಲೇ ನಾನ್ ಬೈಬೇಕಿತ್ತು ನಿನ್ನ" ಎಂದರು ಅತ್ತೆ. "ಹೋಗ್ಲಿ ಬಿಡು. ಮುಂದಿನ ಬೆಳೆಗೆ ನಾನ್ ಇರ್ತೀನಲ್ಲ. ಕೈಲಿ ಹಿಡ್ಸಿ ಹಿಡ್ಸಿ ತೋರಿಸ್ತೀನಿ." ತೋಟದ ಮಾತು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಆರು ದಿನ ಬಿಟ್ಟು ಗೂಡು ಬಿಡಿಸಿದೆವು. ಅರ್ಧದಷ್ಟು ಚಂದ್ರಿಕೆಗಳು ಖಾಲಿ. ಅಲ್ಲಲ್ಲಿ ಹುಳು ಕಪ್ಪಾಗಿ ಜೋತುಬಿದ್ದು ಬಿದಿರಿನ ಮೇಲೆ ಕಲೆ ಇಳಿದಿತ್ತು. ಕಟ್ಟಿದ ಗೂಡುಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಕೋಶ ಗಲಗಲ ಎನ್ನಬೇಕು. ಬಹಳಷ್ಟು ಸದ್ದು ಮಾಡಲಿಲ್ಲ. ಯಜಮಾನರು ರಜೆ ಹಾಕಿ ನನ್ನ ಜೊತೆ ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದರು. ನಮ್ಮ ತಟ್ಟೆಯ ಮುಂದೆ ನೂಲು ತೆಗೆಯುವವರು ಬಂದು ನಿಲ್ಲುವರು, ಒಂದು ಗೂಡನ್ನು ಹೆಬ್ಬೆರಳಿನಲ್ಲಿ ಅದುಮುವರು, ಅದು ಒಳಕ್ಕೆ ಕುಸಿಯುವುದು, ಮುಂದಕ್ಕೆ ಹೋಗುವರು. ಅಲ್ಲಿ ಹರಾಜು ಈಗ ಮೊಬೈಲಿನಲ್ಲೇ; ಯಾರೂ ಬೆಲೆ ಒತ್ತಲಿಲ್ಲ. ಕೊನೆಗೆ ಒಬ್ಬ ಹಿರಿಯರು ನಿಂತು ಮರ್ಯಾದೆಯಿಂದಲೇ ಹೇಳಿದರು. "ಇದು ಬಿಚ್ಚೋದಿಲ್ಲಮ್ಮಾ. ಎಳೆ ಹಿಡಿದ್ರೆ ಹರಿಯುತ್ತೆ. ಕೋಪ ಮಾಡ್ಕೋಬೇಡಿ."

ಬಸ್ಸಿನಲ್ಲಿ ಯಜಮಾನರು ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟರು. ಊರು ಹತ್ತಿರ ಬಂದಾಗ, "ಸೋಮವಾರ ಟ್ರ್ಯಾಕ್ಟರ್ ಬರುತ್ತೆ" ಎಂದರು. ನಾನು ಅಳಲಿಲ್ಲ.

ಆ ಭಾನುವಾರವೆಲ್ಲ ಹುಳು ಮನೆ ತೊಳೆದೆ. ಅಂಕಣಗಳನ್ನು ಬಿಸಿಲಿಗೆ ಹಾಕಿದೆ. ನೆಲ, ಗೋಡೆ, ಕಿಟಕಿಯ ಬಲೆ, ಎಲ್ಲಕ್ಕೂ ಬ್ಲೀಚಿಂಗ್ ಪುಡಿ ಮತ್ತು ಸುಣ್ಣದ ನೀರು. ಚಂದ್ರಿಕೆ ಸುಟ್ಟೆ. ಅಕ್ಕಪಕ್ಕದ ಮನೆಗಳಲ್ಲಿ ಹುಳು ಎರಡನೆಯ ಜ್ವರದಲ್ಲಿದ್ದವು. ನಮ್ಮ ಮನೆಯ ಕಾಯಿಲೆ ಅಲ್ಲಿಗೆ ಹೋಗಬಾರದು. ತೊಳೆದ ಮೇಲೆ ಆ ಮನೆ ಬೆಳೆಗೆ ಮುಂಚಿನ ದಿನ ಹೇಗಿರುತ್ತಿತ್ತೋ ಹಾಗೇ ಆಯಿತು. ಒಳಗೆ ಹೆಚ್ಚು ಹೊತ್ತು ನಿಲ್ಲಲಾಗದೆ ಬಾಗಿಲು ಹಾಕಿಕೊಂಡೆ.

ಸೋಮವಾರ ಬೆಳಿಗ್ಗೆಯಿಂದಲೇ ಟ್ರ್ಯಾಕ್ಟರು ಸಾಲು ಹಿಡಿದು ಬೇರು ಎತ್ತುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಾದಿನಿ ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಬಂದಳು. ಇನ್ನೂ ಒಂದು ವಾರ ಅಲ್ಲೇ ಇರಬೇಕಿತ್ತು. ಹಟ ಹಿಡಿದು ಹೊರಟು ಬಂದಿದ್ದರು. ಕಪ್ಪು ಕನ್ನಡಕ, ತಲೆಗೆ ಸೆರಗು. ಕಣ್ಣು ಇನ್ನೂ ಮಂಜು, ತಿಂಗಳು ಹಿಡಿಯುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ನಾನು ಕೈ ಹಿಡಿದು ಇಳಿಸಿಕೊಂಡೆ. ಅಂಗಳದ ಮಧ್ಯದಲ್ಲಿ ಅವರು ನಿಂತು ಮೂಗು ಎತ್ತಿದರು.

"ಹಸಿ ಮಣ್ಣಿನ ವಾಸ್ನೆ. ಯಾರೋ ಆಳವಾಗಿ ಉಳ್ತಾವ್ರೆ."

"ಹ್ಞೂಂ ಅತ್ತೆ."

"ಈ ಬಿಸ್ಲಲ್ಲಾ? ಯಾರ್ದೇ ಅದು?"

ನಾದಿನಿ ಬ್ಯಾಗು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಟ್ರ್ಯಾಕ್ಟರು ತಿರುವಿನಲ್ಲಿ ಒಮ್ಮೆ ಜೋರಾಗಿ ಕೂಗಿ ಮತ್ತೆ ಸಾಲಿಗೆ ಇಳಿಯಿತು.

"ನಮ್ದೇ ಅತ್ತೆ" ಎಂದೆ.

ನನ್ನ ಕೈ ಹಿಡಿದಿದ್ದ ಅವರ ಬೆರಳುಗಳು ಬಿಗಿಯಾಗಲೂ ಇಲ್ಲ, ಸಡಿಲವಾಗಲೂ ಇಲ್ಲ. ಜಗುಲಿಯ ಕಡೆ ಹೆಜ್ಜೆ ಹಾಕಿದರು. ಮೊದಲನೆಯ ಮೆಟ್ಟಿಲು ಹತ್ತಿ, ಮುಂದಿನದಕ್ಕೆ ಕಾಲು ಚಾಚಿ ಗಾಳಿಯಲ್ಲಿ ತಡಕಾಡಿದರು.

"ಇನ್ನೊಂದು ಇದೆ ಅತ್ತೆ" ಎಂದೆ.